ಸೀರಿಯಲ್‌ನ ಒಂದ್ಸಲ ಮ್ಯೂಟ್ ಮಾಡಿ ನೋಡಿ
ಸಿನಿಮಾ, ಟಿವಿ ಭಾಷೆ ಅರ್ಥ ಆಗ್ಬೇಕು ಅನ್ನೋರು ಇವತ್ತು ರಾತ್ರಿ ಯಾವುದಾದ್ರೂ ಸೀರಿಯಲ್ ಹಾಕಿ ಐದು ನಿಮಿಷ ಸೌಂಡ್ ಆಫ್ ಮಾಡಿ. ಅತ್ತೆ ಮುಖ ಕ್ಲೋಸಪ್‌ನಲ್ಲಿ ಬರುತ್ತೆ, ಆಮೇಲೆ ಸೊಸೆ ಕೈಲಿರೋ ಕಾಗದ, ಮತ್ತೆ ಅತ್ತೆ ಮುಖ, ಅಷ್ಟೇ, ಮಾತೂ ಇಲ್ಲ ಮ್ಯೂಸಿಕ್ಕೂ ಇಲ್ಲ ಆದ್ರೂ ಅತ್ತೆಗೆ ಅನುಮಾನ ಬಂತು ಅಂತ ನಮಗೆ ಗೊತ್ತಾಗ್ಬಿಡುತ್ತೆ, ಯಾಕಂದ್ರೆ ಎರಡು ಶಾಟ್ ಮಧ್ಯದ ಸಂಬಂಧ ಕಟ್ಕೊಳ್ಳೋರು ನಾವೇ. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಸಿನಿಮಾ ನಿರ್ದೇಶಕ ಲೆವ್ ಕುಲೆಶೋವ್ ಹೇಳಿದ್ದೂ ಇದನ್ನೇ: ನಟನ ಮುಖ ಅದೇ, ಆದ್ರೆ ಮುಂದಿನ ಶಾಟ್ ಸೂಪ್ ಬಟ್ಟಲಾದ್ರೆ ಹಸಿವು ಕಾಣುತ್ತೆ, ಶವಪೆಟ್ಟಿಗೆಯಾದ್ರೆ ದುಃಖ. ಎಡಿಟಿಂಗ್ ಶಕ್ತಿ ಅಂದ್ರೆ ಇದು, ನನಗಂತೂ ಇವತ್ತಿಗೂ ಬೆರಗು! ಮಕ್ಕಳನ್ನೂ ಜೊತೆಗೆ ಕೂರಿಸ್ಕೊಳ್ಳಿ. ನ್ಯೂಸ್ ಚಾನಲ್ ಮೇಲೂ ಟ್ರೈ ಮಾಡಿ, ಹಿಂದಿನ ಢಂಢಂ ಮ್ಯೂಸಿಕ್ ತೆಗೆದ್ಮೇಲೆ ಎಷ್ಟು ಭಯ ಉಳಿಯುತ್ತೆ ಅಂತ ಕಾಮೆಂಟಲ್ಲಿ ಹೇಳಿ.