ಒಪ್ಪಿಗೆ ಪತ್ರಕ್ಕೆ ಕನ್ನಡ ಹುಡುಕಿದ್ದು

ಹೊಸ ಔಷಧಕ್ಕೆ ಅನುಮತಿ ಕೊಡುವುದು ದೆಹಲಿಯ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ. ಅಲ್ಲಿಗೆ ಅರ್ಜಿಯೊಂದಿಗೆ ಮೂರನೇ ಹಂತದ, ಅಂದರೆ ಹೆಚ್ಚು ರೋಗಿಗಳಲ್ಲಿ ಮಾಡಿ ನೋಡಿದ, ಪ್ರಯೋಗದ ಫಲಿತಾಂಶ ಹೋಗುತ್ತದೆ, ವಿಷಯ ತಜ್ಞರ ಸಮಿತಿ ಅದನ್ನು ನೋಡುತ್ತದೆ. ಆ ಫಲಿತಾಂಶ ಹುಟ್ಟುವುದು ಮಾತ್ರ ಆಸ್ಪತ್ರೆಗಳ ಒಪಿಡಿಯಲ್ಲಿ, ಅಂದರೆ ಹೊರರೋಗಿಗಳನ್ನು ನೋಡುವಲ್ಲಿ. ಮುಂಬಯಿಯ ಪರೇಲ್‌ನಲ್ಲಿ ನಾನು ಅಂಥ ಪ್ರಯೋಗಗಳ ಕೋಆರ್ಡಿನೇಟರ್.

ಔಷಧ ಪ್ರಯೋಗಗಳ ಕುರಿತ 2019ರ ನಿಯಮದಂತೆ ರೋಗಿಗೆ ತಿಳಿಯುವ ಭಾಷೆಯಲ್ಲೇ ಎಲ್ಲವನ್ನೂ ವಿವರಿಸಿ ಒಪ್ಪಿಗೆ ಪಡೆಯಬೇಕು. ಸಕ್ಕರೆ ಕಾಯಿಲೆಯ ಔಷಧವೊಂದರ ಪ್ರಯೋಗಕ್ಕೆ ಮರಾಠಿ, ಹಿಂದಿ, ಇಂಗ್ಲಿಷ್ ಪತ್ರಗಳಿದ್ದವು. ಕಟ್ಟಡ ಕೆಲಸಕ್ಕೆಂದು ಬಂದು ಇಲ್ಲೇ ನೆಲೆಸಿದ ಕಲಬುರಗಿ ಕಡೆಯವರು ಬರತೊಡಗಿದ ಮೇಲೆ ಕನ್ನಡದ್ದೂ ಬೇಕಾಯಿತು. ನಾನೇ ಬರೆದೆ. ನನ್ನದು ಉಡುಪಿಯ ಮನೆತನದ, ಶಾಲೆಯಲ್ಲಿ ಕಲಿತ ಕನ್ನಡ.

ಮೊದಲ ಕರಡಿನ 'ಚಿಕಿತ್ಸೆ' ಎಂಬ ಪದವನ್ನು, ಪ್ರಯೋಗದಲ್ಲಿ ರೋಗಿಗಳ ಹಿತ ಕಾಯುವ ನೈತಿಕ ಸಮಿತಿ ಒಪ್ಪಲಿಲ್ಲ. ಗುಣ ಮಾಡುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲದ್ದನ್ನು ಚಿಕಿತ್ಸೆ ಅಂದರೆ ರೋಗಿಗೆ ಆಸೆ ಹುಟ್ಟಿಸಿದಂತೆ. ಸಮಿತಿಯ ಮಾತು ಸರಿಯೇ, 'ಪರೀಕ್ಷೆಯಲ್ಲಿರುವ ಔಷಧ' ಎಂದು ತಿದ್ದಿದೆ. ಆದರೆ ಪ್ಲಾಸಿಬೋಗೆ, ಅಂದರೆ ಹೋಲಿಸಿ ನೋಡಲು ಕೊಡುವ ಔಷಧವಿಲ್ಲದ ಮಾತ್ರೆಗೆ, ನಾನು 'ಸುಳ್ಳು ಮಾತ್ರೆ' ಎಂದು ಬರೆದದ್ದು ಹಾಗೇ ದಾಟಿಹೋಯಿತು. ಮತ್ತೆ ಇಂಗ್ಲಿಷಿಗೆ ತಿರುಗಿಸಿದಾಗ 'ಡಮ್ಮಿ ಟ್ಯಾಬ್ಲೆಟ್' ಎಂದಾಗಿತ್ತು, ಯಾರ ಕಣ್ಣಿಗೂ ಬೀಳಲಿಲ್ಲ.

ಬಿದ್ದದ್ದು ಓದು ಬಾರದ ಒಬ್ಬ ಹಿರಿಯರ ಕಿವಿಗೆ. ಓದಿ ಹೇಳುತ್ತಿದ್ದಂತೆ ತಡೆದರು: "ಸುಳ್ಳ ಗುಳಿಗಿ ಅಂದ್ರ? ನಮಗ ಮೋಸ ಮಾಡ್ತೀರೇನ್ ತಂಗಿ?"

ಅವತ್ತು ಹೆಬ್ಬೆಟ್ಟು ಒತ್ತಿಸಿಕೊಳ್ಳಲಿಲ್ಲ. ಬಾಯಿಮಾತಲ್ಲಿ ಸಮಾಧಾನ ಹೇಳಿ ಮುಂದುವರಿಯಬಹುದಿತ್ತು, ಮನಸ್ಸು ಬರಲಿಲ್ಲ. ತಿದ್ದಿದ ಪತ್ರ ಮತ್ತೆ ಸಮಿತಿಯಿಂದ ಪಾಸಾಗಿ ಬರಬೇಕು, ವಾರಗಳೇ ಹೋದವು. ಈಗ ಅಲ್ಲಿ ಹೀಗಿದೆ: 'ನೋಡಲು ಒಂದೇ ಥರದ ಎರಡು ಗುಳಿಗೆಗಳು. ಒಂದರಲ್ಲಿ ಔಷಧವಿದೆ, ಇನ್ನೊಂದರಲ್ಲಿ ಇಲ್ಲ. ನಿಮಗೆ ಯಾವುದು ಎಂಬುದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ, ಡಾಕ್ಟರಿಗೂ ಗೊತ್ತಿರುವುದಿಲ್ಲ.'

ಅವರು ಮತ್ತೆ ಬಂದರು. ಪ್ರಯೋಗಕ್ಕೆ ಸಂಬಂಧವಿಲ್ಲದ, ಕನ್ನಡ ಬಲ್ಲ ಸಾಕ್ಷಿಯೊಬ್ಬರನ್ನು ಕೂರಿಸಿಕೊಂಡು ಪೂರ್ತಿ ಓದಿದೆ.

"ನಡುವ ಬ್ಯಾಡ ಅನಿಸಿದ್ರ?"

"ಬಿಡಬಹುದು ಕಾಕಾ. ಇಲ್ಲಿ ನಿಮಗೆ ಸಿಗೋ ಔಷಧೋಪಚಾರ ನಿಲ್ಲೋದಿಲ್ಲ."

ಹೆಬ್ಬೆಟ್ಟು ಒತ್ತಿದರು, ಸಾಕ್ಷಿ ಸಹಿ ಹಾಕಿದರು, ಒಂದು ಪ್ರತಿ ಅವರ ಕೈಗೆ ಕೊಟ್ಟೆ. ಈಗ ಯಾವ ಕನ್ನಡ ಕರಡನ್ನೂ ಸಮಿತಿಗೆ ಕಳಿಸುವ ಮೊದಲು ನಮ್ಮ ಕ್ಯಾಂಟೀನಿನ ಕಲಬುರಗಿ ಹುಡುಗನಿಗೆ ಓದಿ ಹೇಳುತ್ತೇನೆ. ಅವನು ಹುಬ್ಬು ಗಂಟಿಕ್ಕಿದ ಕಡೆ ಪೆನ್ಸಿಲ್ ಗುರುತು ಹಾಕಿಕೊಳ್ಳುತ್ತೇನೆ.