ದೂರದ ವಿಮಾನ ಪ್ರಯಾಣ: ಕಿಲೋಮೀಟರ್ ಬಿಟ್ಟು ಗಂಟೆ ಎಣಿಸಿ

ಹೊಸಬರು ಉದ್ದದ ಪ್ರಯಾಣಕ್ಕೆ ಟಿಕೆಟ್ ಹುಡುಕುವಾಗ ಮೊದಲು ಕಿಲೋಮೀಟರ್ ನೋಡುತ್ತಾರೆ. ಅದನ್ನು ವಿಮಾನದ ವೇಗದಿಂದ ಭಾಗಿಸಿ, ಇಷ್ಟು ಗಂಟೆ ಅಂತ ಅಂದುಕೊಳ್ಳುತ್ತಾರೆ. ಈ ಲೆಕ್ಕ ನಂಬಬೇಡಿ.

ಲಂಡನ್‌ನಿಂದ ಲಾಸ್ ಏಂಜಲೀಸ್‌ಗೆ ಸುಮಾರು 8,750 ಕಿ.ಮೀ. ಗಂಟೆಗೆ 900 ಕಿ.ಮೀ. ಅಂತ ಹಿಡಿದರೆ 10 ಗಂಟೆಯೊಳಗೆ ತಲುಪಬೇಕು, ಅಲ್ವಾ? ಆದರೆ ಹೋಗುವಾಗ ಸುಮಾರು 11 ಗಂಟೆ ಬೇಕು, ವಾಪಸ್ ಬರುವಾಗ ಅದಕ್ಕಿಂತ ಕಡಿಮೆ ಸಾಕು. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ ಒಂದು ಕಡೆ ತಳ್ಳುತ್ತದೆ, ಇನ್ನೊಂದು ಕಡೆ ತಡೆಯುತ್ತದೆ. ಚಳಿಗಾಲದಲ್ಲಿ ಇದರ ಜೋರು ಜಾಸ್ತಿ. ಜೊತೆಗೆ ರನ್‌ವೇಗೆ ಕಾಯುವ ಹೊತ್ತೂ ಸೇರುತ್ತದೆ. ಸೀಟಿನ ಮುಂದಿನ ಮ್ಯಾಪ್‌ನಲ್ಲಿ ವಿಮಾನ ಗ್ರೀನ್‌ಲ್ಯಾಂಡ್ ಕಡೆ ಹೋಗುತ್ತಿದ್ದರೆ ಗಾಬರಿ ಬೇಡ. ಗ್ಲೋಬ್ ಮೇಲೆ ದಾರ ಎಳೆದು ನೋಡಿ, ಹತ್ತಿರದ ದಾರಿ ಅದೇ.

ಹಳೆಯ ಮಾಹಿತಿಯನ್ನೂ ನೆಚ್ಚಬೇಡಿ. ಹೆಲ್ಸಿಂಕಿಯಿಂದ ಟೋಕಿಯೋಗೆ ಮೊದಲು ಒಂಬತ್ತೂವರೆ ಗಂಟೆ ಸಾಕಿತ್ತು. 2022ರಲ್ಲಿ ರಷ್ಯಾ ತನ್ನ ಆಕಾಶವನ್ನು ಯುರೋಪಿನ ವಿಮಾನಗಳಿಗೆ ಮುಚ್ಚಿದ ಮೇಲೆ ಸುತ್ತಿಕೊಂಡು ಹೋಗಬೇಕಾಗಿ, ಅದು ಸುಮಾರು 13 ಗಂಟೆಗೆ ಏರಿತು.

ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನ ಗಡಿಯಾರದ್ದು, ಇಳಿಯುವ ಹೊತ್ತು ಇಳಿಯುವ ಊರಿನದ್ದು. ಬೇಸಿಗೆಯಲ್ಲಿ ಟೋಕಿಯೋದಿಂದ ಸಂಜೆ 5ಕ್ಕೆ ಹೊರಟರೆ, 10 ಗಂಟೆ ಹಾರಿ ಲಾಸ್ ಏಂಜಲೀಸ್‌ನಲ್ಲಿ ಅದೇ ದಿನ ಬೆಳಿಗ್ಗೆ 11ಕ್ಕೆ ಇಳಿಯುತ್ತೀರಿ! ಹಾಗಾಗಿ ಗಡಿಯಾರಗಳನ್ನು ಸುಮ್ನೆ ಕಳೆಯಬೇಡಿ, ಒಟ್ಟು ಅವಧಿ ಎಂದು ಬರೆದಿರುವುದನ್ನು ಓದಿ. ಕರೆದುಕೊಂಡು ಹೋಗಲು ಬರುವವರಿಗೆ ತಾರೀಖನ್ನೂ ಬರೆದು ಕಳಿಸಿ. ಮಾರ್ಚ್‌ನಲ್ಲಿ ಇನ್ನೂ ಹುಷಾರು: ಅಮೆರಿಕ ಎರಡನೇ ಭಾನುವಾರ ಗಡಿಯಾರ ಮುಂದಿಡುತ್ತದೆ, ಯುರೋಪ್ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಎಂದಿನ ಅಂತರ ಒಂದು ಗಂಟೆ ಬದಲಾಗಿರುತ್ತದೆ.

ಹಾರುವ ಹೊತ್ತು ನಮ್ಮ ಕೈಯಲ್ಲಿಲ್ಲ. ವಿಮಾನ ಬದಲಿಸುವ ಊರು ಮಾತ್ರ ನಾವೇ ಆರಿಸುವುದು. ನಾನು ಎಲ್ಲರಿಗೂ ಒತ್ತಿ ಹೇಳುವುದು ಒಂದೇ: ಎರಡೂ ವಿಮಾನಗಳು ಒಂದೇ ಬುಕಿಂಗ್‌ನಲ್ಲಿ ಇರಲಿ. ಆಗ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ, ಮುಂದಿನ ವಿಮಾನಕ್ಕೆ ಹತ್ತಿಸುವುದು ಏರ್‌ಲೈನ್‌ನವರ ಜವಾಬ್ದಾರಿ. ಬೇರೆ ಬೇರೆ ಟಿಕೆಟ್ ತೆಗೆದರೆ ಸ್ವಲ್ಪ ದುಡ್ಡು ಉಳಿಯಬಹುದು, ಆದರೆ ತಪ್ಪಿದ ವಿಮಾನದ ಹಣ ಸಾಮಾನ್ಯವಾಗಿ ನಿಮ್ಮದೇ ನಷ್ಟ. ಕೆಲವು ದೇಶಗಳಲ್ಲಿ ಹೊರಗೆ ಹೋಗಿ ಬ್ಯಾಗ್ ಎತ್ತಿಕೊಂಡು ಮತ್ತೆ ಚೆಕ್-ಇನ್ ಮಾಡಲು ವೀಸಾವೂ ಬೇಕಾಗುತ್ತದೆ. ಅಮೆರಿಕಕ್ಕೆ ಬರುವವರು ಒಂದೇ ಟಿಕೆಟ್ ಇದ್ದರೂ, ಸಾಮಾನ್ಯವಾಗಿ ಮೊದಲು ಇಳಿಯುವ ಊರಿನಲ್ಲೇ ಇಮಿಗ್ರೇಶನ್ ಮುಗಿಸಿ, ಬ್ಯಾಗ್ ತೆಗೆದುಕೊಂಡು ಮತ್ತೆ ಕೊಡಬೇಕು. ಅಲ್ಲಿ ಒಂದೂವರೆ ಗಂಟೆ ಸಾಲುವುದಿಲ್ಲ, ಮೂರು ಗಂಟೆಯಾದರೂ ಇಟ್ಟುಕೊಳ್ಳಿ. ವಯಸ್ಸಾದ ತಂದೆ ತಾಯಿ ಒಬ್ಬರೇ ಬರುತ್ತಿದ್ದರೆ ನಾಲ್ಕು ಗಂಟೆ ಇರಲಿ, ಬುಕ್ ಮಾಡುವಾಗಲೇ ವೀಲ್‌ಚೇರ್ ಸಹಾಯ ಕೇಳಿಬಿಡಿ.