ಬೀಟಾ-ಅಯೋನೋನ್ ನಿಮ್ಮ ಮೂಗಿಗೆ ಎಷ್ಟು ತೆಳುವಾದರೂ ಸಿಗುತ್ತದೆ? ಲ್ಯಾಬಿನಲ್ಲಿ ಅಳೆಯುವ ಬಗೆ

ಒಂದೇ ಸಂಪಿಗೆಯನ್ನು ಇಬ್ಬರು ಮೂಸಿದರೂ ಇಬ್ಬರಿಗೂ ಸಿಗುವುದು ಒಂದೇ ಕಂಪಲ್ಲ. ಅದರಲ್ಲಿರುವ ಬೀಟಾ-ಅಯೋನೋನ್ ಎಂಬ ಪರಿಮಳದ ರಾಸಾಯನಿಕ ಒಬ್ಬರಿಗೆ ಲವಲೇಶವಿದ್ದರೂ ಘಮ್ಮೆನ್ನುತ್ತದೆ. ಇನ್ನೊಬ್ಬರಿಗೆ ಅದರ ನೂರು ಪಟ್ಟು ಬೇಕಾಗಬಹುದು, ತಿಳಿದಾಗಲೂ ಹೂವಿನ ಪರಿಮಳ ಅನ್ನಿಸದೆ ಹುಳಿ ಘಾಟು ಅನ್ನಿಸಬಹುದು. ನಮ್ಮಲ್ಲಿ ವಾಸನೆ ಹಿಡಿಯುವ ಪ್ರೋಟೀನುಗಳನ್ನು, ಅಂದರೆ ಗ್ರಾಹಕಗಳನ್ನು, ಮಾಡಿಸುವ ಸುಮಾರು 400 ಜೀನ್‌ಗಳಿವೆ. ಮೂಗಿನ ಒಂದೊಂದು ನರಕೋಶವೂ ಅವುಗಳಲ್ಲಿ ಸಾಮಾನ್ಯವಾಗಿ ಒಂದನ್ನೇ ಬಳಸುತ್ತದೆ. ಅಯೋನೋನಿಗೆ ಬೇಕಾದದ್ದು ಓಆರ್5ಎ1 (OR5A1) ಎಂಬ ಗ್ರಾಹಕ. ಆ ಪ್ರೋಟೀನಿನ 183ನೇ ಜಾಗದಲ್ಲಿ ಆಸ್ಪಾರ್ಟಿಕ್ ಆಮ್ಲ ಎಂಬ ಅಮೈನೋ ಆಮ್ಲ ಇದ್ದರೆ ಗ್ರಾಹಕ ಚುರುಕು, ಆಸ್ಪರಜಿನ್ ಇದ್ದರೆ ಮಂದ.

ಬೇಕಾದದ್ದು: ಬೀಟಾ-ಅಯೋನೋನ್, ಅದನ್ನು ತೆಳು ಮಾಡಲು ವಾಸನೆಯಿಲ್ಲದ ಪ್ರೊಪಿಲೀನ್ ಗ್ಲೈಕಾಲ್, ಅಳತೆಗೆ ಮೈಕ್ರೋಪಿಪೆಟ್, 30 ಮಿ.ಲೀ.ನ 10 ಕಂದು ಗಾಜಿನ ಬಾಟಲಿ. ಪ್ಲಾಸ್ಟಿಕ್ ಬೇಡ, ಅದು ವಾಸನೆಯನ್ನು ಹೀರಿಕೊಂಡು ಎಲ್ಲ ಲೆಕ್ಕವನ್ನೂ ತಪ್ಪಿಸುತ್ತದೆ.

ಎಂಟು ಬಾಟಲಿಗೆ ತಲಾ 9 ಮಿ.ಲೀ. ಗ್ಲೈಕಾಲ್ ಹಾಕಿ. ಮೊದಲನೆಯದಕ್ಕೆ 1 ಮಿ.ಲೀ. ಅಯೋನೋನ್ ಸೇರಿಸಿ, ಚೆನ್ನಾಗಿ ಕುಲುಕಿ, ಅದರಿಂದ 1 ಮಿ.ಲೀ. ತೆಗೆದು ಎರಡನೆಯದಕ್ಕೆ ಹಾಕಿ. ಹೀಗೆ ಎಂಟನೆಯದರವರೆಗೆ. ಪ್ರತಿ ಹಂತಕ್ಕೂ ಪಿಪೆಟ್ಟಿನ ತುದಿಗೆ ಹೊಸ ಟಿಪ್ ಕಡ್ಡಾಯ. ಹಳೆಯ ಟಿಪ್ಪಿಗೆ ಅಂಟಿಕೊಂಡ ಒಂದು ಹನಿ ಸಾಕು, ತೆಳು ಬಾಟಲಿಯ ದ್ರಾವಣ ಗಟ್ಟಿಯಾಗುತ್ತದೆ. ಉಳಿದೆರಡು ಬಾಟಲಿಗೆ ಬರೀ ಗ್ಲೈಕಾಲ್. ಗುರುತನ್ನು ಬಾಟಲಿಯ ತಳದಲ್ಲಿ ಬರೆಯಿರಿ, ಮುಚ್ಚಳಗಳು ಅದಲು ಬದಲಾಗುತ್ತವೆ.

ಮೂಸುವವರ ಕಣ್ಣು ಕಟ್ಟಿ. ಅತಿ ತೆಳುವಾದ ಎಂಟನೆಯದರಿಂದ ಶುರು ಮಾಡಿ, ಅದರ ಜೊತೆ ಎರಡೂ ಖಾಲಿ ಗ್ಲೈಕಾಲ್ ಬಾಟಲಿಗಳನ್ನು ಕ್ರಮ ಬದಲಿಸುತ್ತ ಮೂಗಿನ ಬಳಿ ಹಿಡಿಯಿರಿ. ವಾಸನೆ ಬಂತೇ ಎಂದು ಕೇಳಬೇಡಿ, ಯಾವುದರಲ್ಲಿ ಎಂದು ಕೇಳಿ. ಗೊತ್ತಿಲ್ಲ ಎಂದರೂ ಒಂದನ್ನು ಆರಿಸಲೇಬೇಕು. ತಪ್ಪಿದರೆ ಒಂದು ಹಂತ ಗಟ್ಟಿಯಾದದ್ದಕ್ಕೆ ಹೋಗಿ, ಸರಿಯಾದರೆ ಅದೇ ಹಂತವನ್ನು ಮತ್ತೆ ಕೊಡಿ. ಒಂದೇ ಹಂತದಲ್ಲಿ ಸತತ ನಾಲ್ಕು ಸಲ ಸರಿಯಾದರೆ ಅದೇ ಅವರ ಮಿತಿ. ಬರೀ ಊಹೆಯಿಂದ ಅಷ್ಟು ಸಿಗುವ ಸಾಧ್ಯತೆ 81ರಲ್ಲಿ ಒಂದು. ಎರಡು ಸುತ್ತಿನ ನಡುವೆ 30 ಸೆಕೆಂಡ್ ಬಿಡಿ. ಗಟ್ಟಿಯದರಿಂದ ಶುರು ಮಾಡಿದರೆ ಮೂಗು ಒಗ್ಗಿಹೋಗಿ, ಚುರುಕು ಇರುವವರೂ ಮಂದ ಎಂದು ತೋರುತ್ತಾರೆ.

ಹೆಚ್ಚು ಜನ ಬಿಡುವ ಹೆಜ್ಜೆ ಮುಂದಿನದು, ಇದಿಲ್ಲದೆ ಫಲಿತಾಂಶಕ್ಕೆ ಅರ್ಥವೇ ಇಲ್ಲ: ಗುಲಾಬಿ ವಾಸನೆಯ ಫಿನೈಲ್ ಈಥೈಲ್ ಆಲ್ಕೋಹಾಲ್‌ನಲ್ಲೂ ಇದೇ ಸರಣಿ ಮಾಡಿ ಅಳೆಯಿರಿ. ಎರಡರಲ್ಲೂ ಮಂದವಾದರೆ ನೆಗಡಿಯೋ ಅಲರ್ಜಿಯೋ ಇರಬಹುದು. ಗುಲಾಬಿ ಸಲೀಸಾಗಿ ಸಿಕ್ಕಿ ಅಯೋನೋನ್ ಮಾತ್ರ ಸಿಗದಿದ್ದರೆ ಆಗ ಜೀನಿನ ಮೇಲೆ ಅನುಮಾನ ಪಡಿ. ಕೋಣೆಯಲ್ಲಿ ಊದುಬತ್ತಿ, ಕಾಫಿ, ಸೆಂಟು ಇರಬಾರದು.

ಜೀನ್ ಪರೀಕ್ಷೆಯ ಫೈಲ್ ಕೈಯಲ್ಲಿದ್ದರೆ ಆರ್‌ಎಸ್6591536 (rs6591536) ಹುಡುಕಿ, ಅದು 183ನೇ ಜಾಗವನ್ನು ಬದಲಿಸುವ ಡಿಎನ್‌ಎ ಅಕ್ಷರದ ಗುರುತು ಸಂಖ್ಯೆ. ಅಲ್ಲಿ ಎರಡು ಅಕ್ಷರ ಇರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದೇ ಒಂದು ಜಿ ಇದ್ದರೂ ಚುರುಕು, ಎರಡೂ ಎ ಆದರೆ ಮಂದ. ಸಿ ಅಥವಾ ಟಿ ಕಂಡರೆ ಗಾಬರಿ ಬೇಡ, ಫೈಲ್ ಡಿಎನ್‌ಎಯ ಇನ್ನೊಂದು ಎಳೆಯನ್ನು ಓದಿದೆ: ಸಿ ಅಂದರೆ ಜಿ, ಟಿ ಅಂದರೆ ಎ.